ಭಯ ನಂದು, ಹೊಟ್ಟಿ ಆಕಿದು

ಬೆಟಗೇರಿ
ಇಸವಿ ಎರಡು ಸಾವಿರದ ನೂರ ನಲವತ್ಮೂರು, ನಡುಬೇಸಿಗೆಯ ಪಂಚಮಿ

ಸುವರ್ಣಾ,

ಮೇಲಿನ ತಾರೀಕು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಈ ಕಾಗದವನ್ನು ಕೆಳಗಿಡಬೇಡ. ನೀನು ನನ್ನ ಮುತ್ತಜ್ಜಿಯನ್ನು ಹೆತ್ತವಳು. ಈ ಕಾಗದ ನಿನ್ನ ಕೈಸೇರಲಿ ಎಂದು ನಾನು ಬಯಸುವ ಹೊತ್ತಿಗೆ ನಿನಗೆ ಇಪ್ಪತ್ತೆಂಟು; ನನಗೆ ಮೂವತ್ತೈದು ದಾಟಿದೆ. ಅಜ್ಜಿ ಎನ್ನಲು ನೀನು ತೀರ ಎಳೆಯವಳು, ತಂಗಿ ಎನ್ನಲು ನನಗೆ ಧೈರ್ಯ ಸಾಲದು. ನಮ್ಮ ಮನೆಯಲ್ಲಿ ಅವ್ವನನ್ನೂ ಅಜ್ಜಿಯನ್ನೂ 'ನೀ' ಎಂದೇ ಮಾತಾಡಿಸುತ್ತೇವೆ. ಆ ಸಲುಗೆಯಿಂದಲೇ ಬರೆಯುತ್ತೇನೆ. ನನ್ನ ಕನ್ನಡದಲ್ಲಿ ನೀನು ಕೇಳಿರದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ಇಷ್ಟು ತಲೆಮಾರು ಜನರ ಬಾಯಲ್ಲಿ ತಿರುಗಿದ ಭಾಷೆ ಕೆಲವು ಕಡೆ ಸವೆದಿದೆ, ಕೆಲವು ಕಡೆ ಹೊಸದಾಗಿ ಚಿಗುರಿದೆ. ತೊಡಕೆನಿಸುವ ಕಡೆ ಬಿಡಿಸಿ ಹೇಳುತ್ತಾ ಹೋಗುತ್ತೇನೆ.

ನಡುಬೇಸಿಗೆ ಎಂಬ ಮಾತೇ ನಿನಗೆ ಹೊಸದಿರಬೇಕು. ನಮ್ಮ ಕಾಲದಲ್ಲಿ ಬೇಸಿಗೆ ಎಷ್ಟು ಉದ್ದವಾಗಿದೆಯೆಂದರೆ ಅದನ್ನು ಮೊದಲ, ನಡು, ಕೊನೆ ಎಂದು ಮೂರು ತುಂಡು ಮಾಡಿ ಎಣಿಸುತ್ತೇವೆ. ನಸುಕಿನಲ್ಲೇ ಕೆಲಸ ಹಿಡಿದು, ಬಿಸಿಲು ನೆತ್ತಿಗೆ ಬರುವ ಮೊದಲು ಮುಗಿಸಿ, ನೆರಳುಹೊತ್ತಿನಲ್ಲಿ ಒಳಗಿರುತ್ತೇವೆ. ನೆರಳುಹೊತ್ತು ಎಂದರೆ ಅಂಗಡಿ, ಶಾಲೆ, ಕಚೇರಿ ಎಲ್ಲವೂ ಬಾಗಿಲು ಹಾಕಿಕೊಳ್ಳುವ ಮಧ್ಯಾಹ್ನ. ಆಗ ಹೊರಗೆ ತಿರುಗುವುದಕ್ಕೆ ಕಾನೂನಿನ ಅಡ್ಡಿಯಿಲ್ಲ, ಆದರೆ ಬುದ್ಧಿ ಇದ್ದವರು ತಿರುಗುವುದಿಲ್ಲ. ಓಣಿಓಣಿಗೂ ಈ ತುದಿಯಿಂದ ಆ ತುದಿಯವರೆಗೆ ದಪ್ಪ ಬಟ್ಟೆಯ ಚಪ್ಪರ ಬಿಗಿದಿರುತ್ತೇವೆ. ಆ ಬಟ್ಟೆಯನ್ನು ನೇಯುವುದು ಬೆಟಗೇರಿಯವರು, ನಾವೇ. ನಿನ್ನ ಕಾಲದ ಸೀರೆ ಮಗ್ಗಗಳ ಮೊಮ್ಮಕ್ಕಳಂಥ ಮಗ್ಗಗಳು ಈಗ ಗುಡಿಗಿಂತ ಅಗಲದ ಬಟ್ಟೆ ನೇಯುತ್ತವೆ. ಹರಿದ ಚಪ್ಪರಕ್ಕೆ ಏಣಿ ಹತ್ತಿ ತೇಪೆ ಹಾಕುವುದು ನನ್ನ ಕೆಲಸ. ನನ್ನ ಗಂಡ ತೋಂಟೇಶ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ದುರಸ್ತಿ ಮಾಡುತ್ತಾನೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಲ್ಲಿಗೂ ಹೋಗಿಲ್ಲ. ನೀನು ಮಗಳಿಗಿಟ್ಟ ಸೃಷ್ಟಿ ಎಂಬ ಹೆಸರು ಮಾತ್ರ ಈಗ ಯಾರೂ ಇಡುವುದಿಲ್ಲ. ಅದು ಹಳೇ ಕಾಲದ ಮುದುಕಿಯರ ಹೆಸರೆಂದು ಹುಡುಗಿಯರು ನಗುತ್ತಾರೆ. ನಿನ್ನ ಮಗಳನ್ನು ಈಗ ತೊಡೆಯ ಮೇಲೆ ಕೂರಿಸಿಕೊಂಡಿದ್ದರೆ ನೀನೂ ನಕ್ಕುಬಿಡು.

ನಿನ್ನ ಬಗ್ಗೆ ನಮಗೆ ತಿಳಿದಿರುವುದು ಬಾಯಿಂದ ಬಾಯಿಗೆ ಬಂದಷ್ಟೇ. ಮದುವೆಗೆ ಮುಂಚೆಯೇ ನಿನಗೆ ಯಾರೋ ಮಾತಾಡಿದಂತೆ ಕಿವಿಯಲ್ಲಿ ಕೇಳಿಸುತ್ತಿತ್ತು. ಗುಳಿಗೆ ತೆಗೆದುಕೊಂಡು ನೆಟ್ಟಗೆ ಬಾಳುತ್ತಿದ್ದೆ. ಸೃಷ್ಟಿಯನ್ನು ಹೊಟ್ಟೆ ಕೊಯ್ದು ಹೊರತೆಗೆಯುವಾಗ, ನಿನಗೆ ಇನ್ನು ಮಕ್ಕಳಾಗದಂತೆ ಅದೇ ಗಾಯದೊಳಗೇ ಆಪರೇಷನ್ ಮಾಡಿಬಿಟ್ಟರು. ನಿನ್ನ ಅತ್ತೆ ಒಪ್ಪಿದಳು, ನಿನ್ನ ಅಣ್ಣ ಒಪ್ಪಿದ. ನಿನಗೆ ತಿಳಿದದ್ದು ಬಹಳ ದಿನಗಳ ಮೇಲೆ, ಎರಡನೆಯ ಕೂಸು ಯಾಕೆ ನಿಲ್ಲುತ್ತಿಲ್ಲವೆಂದು ಓಣಿಯವರು ಕೇಳಿದ್ದಕ್ಕೆ ನೀನು ಬೇರೊಂದು ಊರಿನ ಡಾಕ್ಟರಮ್ಮನ ಹತ್ತಿರ ಹೋದಾಗ.

"ನಿಮಗ ಆಪರೇಶನ್ ಆಗೇತಲ್ರಿ. ಗೊತ್ತಿಲ್ಲೇನು?" ಎಂದಳಂತೆ ಆಕೆ.

ಮನೆಗೆ ಬಂದು ಕೇಳಿದರೆ ಅತ್ತೆ, "ನಿನ್ನ ಚಲೋದಕ್ಕ ಮಾಡೀವಿ, ಈಗ್ಯಾಕ ಅದು?" ಎಂದಳು. ನೀನು ಅಳಲಿಲ್ಲ, ಕೂಗಾಡಲಿಲ್ಲ. "ನನ್ನ ಯಾರೂ ಕೇಳ್ಲಿಲ್ಲ" ಎಂದೆಯಂತೆ, ಅಷ್ಟೇ. ಮುಂದೆ ಮಗಳು ದೊಡ್ಡವಳಾದ ಮೇಲೆ ಅವಳಿಗೆ ಅದನ್ನೇ ಹೇಳುತ್ತೀಯ. ಅವಳು ತನ್ನ ಮಗಳಿಗೆ, ಅವಳು ನನ್ನ ಅವ್ವನಿಗೆ, ಅವ್ವ ನನಗೆ. ನಿನಗೆ ನಿಜವಾಗಿ ಇನ್ನೊಂದು ಮಗು ಬೇಕಿತ್ತೋ, ಒಂದೇ ಸಾಕೆಂದು ನೀನೇ ಹೇಳುತ್ತಿದ್ದೆಯೋ, ಅದು ನಮಗಾರಿಗೂ ಗೊತ್ತಿಲ್ಲ. ಕೇಳಿದ್ದರೆ ತಾನೆ ಗೊತ್ತಾಗುವುದು. ನಾನು ಬರೆಯಲು ಕುಳಿತಿರುವುದು ನಿನ್ನನ್ನು ಸಮಾಧಾನಪಡಿಸಲಿಕ್ಕಲ್ಲ. ನಿನ್ನ ನಂತರ ಏನಾಯಿತು, ನಾನು ಏನು ಮಾಡಿದೆ ಎಂದು ತಿಳಿಸಲಿಕ್ಕೆ.

ನನಗೂ ಕಾಯಿಲೆಯಿದೆ. ನಿನ್ನದಲ್ಲ, ಬೇರೆಯದು. ನಿಮ್ಮ ಕಾಲದಲ್ಲಿ ಅದಕ್ಕೆ ಬೈಪೋಲಾರ್ ಎನ್ನುತ್ತಿದ್ದಿರಂತೆ, ನಾವು ಏರಿಳಿತ ಎನ್ನುತ್ತೇವೆ. ಏರು ಬಂದಾಗ ನಿದ್ದೆ ಬೇಡವಾಗುತ್ತದೆ, ಜಗತ್ತೆಲ್ಲ ನನ್ನೊಬ್ಬಳ ಜೊತೆ ಮಾತಾಡುತ್ತಿದೆ ಎನಿಸುತ್ತದೆ. ಇಳಿ ಬಂದಾಗ ಎದ್ದು ಬಚ್ಚಲಿಗೆ ಹೋಗುವುದೂ ಬೆಟ್ಟ ಹತ್ತಿದಂತಾಗುತ್ತದೆ. ಹತ್ತೊಂಬತ್ತರಲ್ಲಿ ಮೊದಲ ಏರು ಬಂತು. ಆಕಾಶಕ್ಕೆ ನಮ್ಮ ಓಣಿಯ ಮುಖ ನೋಡುವ ಆಸೆಯಾಗಿದೆ ಎಂದು ನನಗೆ ಖಾತ್ರಿಯಾಗಿ, ಏಣಿ ಹತ್ತಿ ಇಡೀ ಓಣಿಯ ಚಪ್ಪರದ ಹಗ್ಗ ಬಿಚ್ಚಿ ಬಟ್ಟೆಯನ್ನೆಲ್ಲ ಕೆಳಗಿಳಿಸಿದೆ. ನಡುಬೇಸಿಗೆಯ ಬಿಸಿಲು ಬಾಗಿಲ ತನಕ ಬಂದು ನಿಂತಿತು. ಜನ ಬೈಯಲಿಲ್ಲ, ನನ್ನನ್ನು ಹಿಡಿದು ನೆರಳಿಗೆ ತಂದು, ನೀರು ಕುಡಿಸಿ, ಡಾಕ್ಟರ್ ಜುಬೇದಾ ನದಾಫರ ಹತ್ತಿರ ಕರೆದುಕೊಂಡು ಹೋದರು. ಬೆಟಗೇರಿಯ ಮನೋರೋಗದ ದವಾಖಾನೆಯಲ್ಲಿ ಅವರು ಬಹಳ ವರ್ಷದಿಂದ ಇದ್ದರು. ಗಟ್ಟಿ ದನಿಯ, ಸಣ್ಣ ಆಳಿನ ಹೆಂಗಸು.

ನಾನು ಸುಧಾರಿಸಿದ ಮೇಲೆ ಗುಳಿಗೆ ಬರೆದುಕೊಡುವ ಮುಂಚೆ ಅವರು, "ಮುಂದ ಮಕ್ಕಳ ಬಗ್ಗೆ ನಿಂದೇನು ವಿಚಾರ?" ಎಂದರು.

ನನಗೆ ನಾಚಿಕೆಯಾಯಿತು. "ನನಗ ಮದುವೀನೇ ಆಗಿಲ್ರಿ" ಎಂದೆ.

"ಅದಕ್ಕ ಕೇಳಾಕತ್ತೀನಿ. ಒಂದು ಗುಳಿಗಿ ಐತಿ, ಭಾಳ ಚಲೋ ಕೆಲಸ ಮಾಡ್ತೈತಿ. ಆದ್ರ ಹೊಟ್ಟ್ಯಾಗ ಕೂಸಿದ್ದಾಗ ಅದು ಕೂಸಿಗೆ ಕೆಡಕು. ನಿನಗ ಗೊತ್ತಿಲ್ದ ಬಸುರಾದ್ರ ಏನ್ ಮಾಡೋದು? ಮೊದಲ ಮಾತಾಡಿ ಇಟ್ಟರ ಆಮ್ಯಾಲ ಯಾರೂ ಗಾಬರಿ ಆಗೂದಿಲ್ಲ."

ನನ್ನ ಮಂಚದ ಪಕ್ಕದಲ್ಲಿ ಅವ್ವ ನಿಂತಿದ್ದರೂ ಪ್ರಶ್ನೆ ನನಗೇ ಬಂತು ಎಂಬುದು ನೆನಪಿದೆ. ಅವ್ವ ಹೊರಗೆ ಬಂದು ಗೋಡೆಗೆ ಒರಗಿ ಬಹಳ ಹೊತ್ತು ನಿಂತಳು. ಯಾಕೆಂದು ಕೇಳಿದ್ದಕ್ಕೆ ಆಗಲೇ ಮೊದಲ ಸಲ ನಿನ್ನ ಕಥೆ ಹೇಳಿದಳು.

ಹಾಗೆ ವರ್ಷಗಳು ಕಳೆದವು. ನಾನು ಕೆಲಸ ಹಿಡಿದೆ. ತೋಂಟೇಶನ ಮನೆಯವರು ನೋಡಲು ಬಂದಾಗ ಚಹಾ ಕೊಡುವ ಮೊದಲೇ ಏರಿಳಿತದ ಸಂಗತಿ ಹೇಳಿದೆ. ಅವನು, "ಗಾಳಿಯಂತ್ರಾನೂ ಹಂಗ. ಗಾಳಿ ಜಾಸ್ತಿ ಆದ್ರ ಹಿಡದು ನಿಲ್ಲಸ್ಬೇಕು, ಕಡಿಮಿ ಆದ್ರ ಕಾಯ್ಬೇಕು" ಎಂದು ಎಲ್ಲರೆದುರು ಹೇಳಿ ನಗಿಸಿದ. ಅವನ ಅವ್ವ ಪಾರ್ವತೆವ್ವ ನಗಲಿಲ್ಲ. ಆದರೂ ಮದುವೆಯಾಯಿತು. ಬಸುರಾಗದಂತೆ ಗರ್ಭಕೋಶದಲ್ಲಿ ಇಡುವ ತಾಮ್ರದ ವಂಕಿ ನಿಮ್ಮ ಕಾಲದಲ್ಲೂ ಇತ್ತಲ್ಲ, ಅದನ್ನು ಹಾಕಿಸಿಕೊಂಡೆ. ಅದು ನನ್ನ ಗುಳಿಗೆಗಳಿಗೆ ಅಡ್ಡ ಬರುವುದಿಲ್ಲ, ದಿನಾ ನೆನಪಿಡುವ ತಾಪತ್ರಯವಿಲ್ಲ. ಇಳಿ ಬಂದು ಹಾಸಿಗೆಯಲ್ಲಿ ಬಿದ್ದವಳಿಗೆ ಇನ್ನೊಂದು ಗುಳಿಗೆ ನೆನಪಿಡುವುದು ಎಷ್ಟು ಕಷ್ಟ ಎಂದು ನಿನಗೆ ಹೇಳಬೇಕಿಲ್ಲ.

ಮೂವತ್ತರ ಹತ್ತಿರ ಬಂದಾಗ ನನಗೆ ಮಗು ಬೇಕೆನಿಸಿತು. ಯಾರೂ ಒತ್ತಾಯ ಮಾಡಿರಲಿಲ್ಲ. ನೆರಳುಹೊತ್ತಿನಲ್ಲಿ ಪಕ್ಕದ ಮನೆಯ ದ್ರಾಕ್ಷಾಯಣವ್ವನ ಮೊಮ್ಮಗು ನನ್ನ ಹೊಟ್ಟೆಯ ಮೇಲೆ ಮಲಗಿ ಬೆವರುತ್ತಿತ್ತು. ಅದರ ಬೆವರಿನ ವಾಸನೆ ಸೀರೆಗೆ ಹತ್ತಿತ್ತು. ಆ ಸೀರೆಯನ್ನು ಒಗೆಯಲು ಮನಸ್ಸಾಗಲಿಲ್ಲ. ಅಷ್ಟೇ ಕಾರಣ. ದೊಡ್ಡ ಕಾರಣ ಬೇಕೆಂದು ಯಾರು ಹೇಳಿದರು?

ಆದರೆ ಅಷ್ಟರಲ್ಲಿ ನಮ್ಮ ಕಾಲದ ಹೊಸ ಕಷ್ಟವೊಂದು ಬಂದಿತ್ತು. ಅದರ ಹೆಸರು ಮುನ್ನೆಣಿಕೆ. ಹೆಂಗಸಿನ ರಕ್ತ, ನಿದ್ದೆ, ಹಿಂದಿನ ಕಾಯಿಲೆ ಎಲ್ಲವನ್ನೂ ಒಂದು ಯಂತ್ರ ನೋಡಿ, ಹೆರಿಗೆಯಾದ ಮೇಲೆ ಕಾಯಿಲೆ ಮರಳುವ ಸಾಧ್ಯತೆ ಎಷ್ಟೆಂದು ಹೇಳುತ್ತದೆ. ಜುಬೇದಾರಂಥವರಿಗೆ ಅದು ಒಳ್ಳೆಯ ಸಲಕರಣೆ. ಬಾಣಂತನಕ್ಕೆ ಮೊದಲೇ ಏನೇನು ಸಿದ್ಧ ಮಾಡಿಕೊಳ್ಳಬೇಕೆಂದು ಅದರಿಂದ ತಿಳಿಯುತ್ತದೆ. ಆದರೆ ನಮ್ಮ ಜಿಲ್ಲೆಯ ಆರೋಗ್ಯ ಪಂಚಾಯ್ತಿ ಅದರ ಮೇಲೊಂದು ಗೆರೆ ಎಳೆಯಿತು. ಮುನ್ನೆಣಿಕೆ ಗೆರೆಗಿಂತ ಮೇಲಿದ್ದ ಹೆಂಗಸು ವಂಕಿ ತೆಗೆಸಬೇಕಾದರೆ ಪಂಚಾಯ್ತಿಯ ಒಪ್ಪಿಗೆ ಬೇಕು ಎಂದಿತು. ನನ್ನ ಮುನ್ನೆಣಿಕೆ ಗೆರೆಗಿಂತ ಬಹಳ ಮೇಲಿತ್ತು. ನೋಡಿದೆಯಾ ಸುವರ್ಣಾ, ನಿನ್ನ ಅತ್ತೆ ಬರೀ ಭಯದಿಂದ ಮಾಡಿದ್ದನ್ನು ನಮ್ಮವರು ಲೆಕ್ಕದಿಂದ ಮಾಡಹೊರಟಿದ್ದರು.

ಪಂಚಾಯ್ತಿಗೆ ನಮ್ಮನ್ನು ಕರೆದರು. ನಾನು, ತೋಂಟೇಶ, ಪಾರ್ವತೆವ್ವ, ಜುಬೇದಾ. ಅಧ್ಯಕ್ಷರು ರಾಚಪ್ಪ ಪತ್ತಾರ ಎಂಬ ಹಿರಿಯರು. ಕೆಟ್ಟವರಲ್ಲ. ಅವರ ತಂಗಿ ಬಾಣಂತನದಲ್ಲಿ ಚಿತ್ತ ಕೆಟ್ಟು ತೀರಿಕೊಂಡಿದ್ದಳೆಂದು ಊರಿಗೆಲ್ಲ ಗೊತ್ತಿತ್ತು. ಅವರು ತೋಂಟೇಶನ ಕಡೆ ತಿರುಗಿ, "ಏನಪಾ, ನಿನ್ನ ಹೆಂಡ್ತಿ ಆರೋಗ್ಯ ನೋಡ್ಕೊಳ್ಳಾಕ ನಿನ್ನ ಕೈಲೆ ಆಗ್ತೈತೇನು?" ಎಂದರು. ತೋಂಟೇಶ ಬಾಯಿ ತೆರೆಯುವ ಮೊದಲು ನಾನು ಎದ್ದು ನಿಂತೆ.

"ಯಜಮಾನ್ರ, ನನ್ನ ಕೇಳ್ರಿ. ನಾ ಇಲ್ಲೇ ಅದೀನಿ."

"ತಂಗೀ, ಇದು ನಿನ್ನ ಚಲೋದಕ್ಕ."

ಆ ಮಾತು ಕೇಳಿ ನನಗೆ ಬಂದದ್ದು ಸಿಟ್ಟಲ್ಲ. ನಿನ್ನ ಅತ್ತೆಯ ದನಿ ಅಷ್ಟು ವರ್ಷ ದಾಟಿ ಬಂದು ಆ ಕುರ್ಚಿಯಲ್ಲಿ ಕುಳಿತಂತಿತ್ತು.

"ನನ್ನ ಚಲೋದು ಯಾವುದಂತ ನನಗ ಗೊತ್ತೈತ್ರಿ," ಎಂದೆ. "ಬ್ಯಾನಿ ಬರಬಹುದು ಅಂತನೂ ಗೊತ್ತೈತಿ. ಬಂದ್ರ ಏನ್ ಮಾಡ್ಬೇಕು ಅಂತ ಎಲ್ಲಾ ಮಾತಾಡೀವಿ. ನೀವು ಸಹಾಯ ಮಾಡ್ರಿ ಅಂದ್ರ ಕೈ ಮುಗೀತೀನಿ. ಒಪ್ಪಿಗಿ ಕೊಡ್ರಿ ಅಂತ ಕೇಳಾಕ ನಾ ಬಂದಿಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ರಾಚಪ್ಪನವರು ನನ್ನ ಅತ್ತೆಯನ್ನು ಕೇಳಿದರು. ಮನೆಯಲ್ಲಿ ಪಾರ್ವತೆವ್ವ ಮಗು ಬೇಡವೆಂದೇ ಹಟ ಹಿಡಿದಿದ್ದಳು. ನನ್ನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಒಮ್ಮೆ ಇಳಿ ಬಂದಾಗ ತಿಂಗಳುಗಟ್ಟಲೆ ನನಗೆ ಉಣ್ಣಿಸಿ, ತಲೆ ಬಾಚಿದವಳು ಅವಳೇ. ಇನ್ನೇನು, ಇವಳ ಮಾತಿನಿಂದ ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವಳು ಸೆರಗು ಬಿಗಿದುಕೊಂಡು ಎದ್ದಳು.

"ನನಗ ಭಯ ಐತ್ರಿ," ಎಂದಳು. "ಭಾಳ ಭಯ ಐತಿ. ಆದ್ರ ಭಯ ನಂದು, ಹೊಟ್ಟಿ ಆಕಿದು. ನನ್ನ ಭಯಕ್ಕ ಆಕಿ ಹೊಟ್ಟಿ ಕಟ್ಟಾಕ ನಾ ಯಾರು? ನೀವರ ಯಾರು?"

ಜುಬೇದಾ ತಲೆ ತಗ್ಗಿಸಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಪಂಚಾಯ್ತಿ ತೀರ್ಪನ್ನು ಮುಂದೂಡಿತು. ಜುಬೇದಾ ಎದ್ದು ನಿಂತು, ಇನ್ನು ಮುಂದೆ ತಮ್ಮ ದವಾಖಾನೆಯಿಂದ ಯಾವ ಹೆಂಗಸಿನ ಮುನ್ನೆಣಿಕೆಯೂ ಪಂಚಾಯ್ತಿಗೆ ಬರುವುದಿಲ್ಲ, ಅದು ಆಕೆಗೂ ಡಾಕ್ಟರಿಗೂ ನಡುವಿನ ಮಾತು ಎಂದು ಹೇಳಿ ಹೊರನಡೆದರು. ಅವರ ನೌಕರಿಯನ್ನು ತಡೆಹಿಡಿದರು. ಆಗ ನಮ್ಮ ಓಣಿಯ ಹೆಂಗಸರು, ಬೇರೆ ಓಣಿಯವರು, ಗದುಗಿನ ಕಡೆಯವರು, ಏರಿಳಿತ ಇದ್ದವರು, ದನಿ ಕೇಳುವವರು, ಏನೂ ಇಲ್ಲದವರು, ಎಲ್ಲ ಸೇರಿ ಪಂಚಾಯ್ತಿಯ ಮುಂದೆ ನೆರಳುಹೊತ್ತಿನಲ್ಲಿ ಹೋಗಿ ಕುಳಿತರು. ಅಲ್ಲಿ ಚಪ್ಪರವಿರಲಿಲ್ಲ. ನಾನೂ ನನ್ನ ಜೊತೆಯವರೂ ಮಗ್ಗದಿಂದ ಬಟ್ಟೆ ತಂದು ಕಂಬ ನೆಟ್ಟು ಕಟ್ಟಿದೆವು. ದಿನಾ ಕುಳಿತೆವು. ರೊಟ್ಟಿ ಅಲ್ಲೇ ಬಡಿದೆವು, ಮಕ್ಕಳಿಗೆ ಅಲ್ಲೇ ಪಾಠ ಹೇಳಿದೆವು. ಮೊದಲ ಮಳೆ ಬೀಳುವ ಹೊತ್ತಿಗೆ ಪಂಚಾಯ್ತಿ ಗೆರೆಯನ್ನು ಅಳಿಸಿತು, ಜುಬೇದಾರನ್ನು ವಾಪಸ್ ಕರೆಯಿತು. ರಾಚಪ್ಪನವರು ರಾಜೀನಾಮೆ ಕೊಟ್ಟರು. ಹೋಗುವಾಗ ನನ್ನ ಹತ್ತಿರ ಬಂದು, "ನನ್ನ ತಂಗಿ ನೆನಪಾದ್ಲು, ಅದಕ್ಕ ಹಂಗ ಮಾಡಿದ್ನಿ" ಎಂದರು. "ಆಕಿನ್ನ ಆಗ ಯಾರರ ಕೇಳಿದ್ರೇನ್ರಿ?" ಎಂದೆ.

ಆಮೇಲಿನ ಕೆಲಸ ತಾಳ್ಮೆಯದು. ಕೂಸಿಗೆ ಕೆಡುಕು ಮಾಡುವ ಗುಳಿಗೆಯನ್ನು ಜುಬೇದಾ ನಿಧಾನವಾಗಿ ಇಳಿಸಿ, ಬೇರೆಯದಕ್ಕೆ ನನ್ನ ಮೈ ಒಗ್ಗುವ ತನಕ ಕಾದರು. ನಾನು ನೆಟ್ಟಗೆ ನಿದ್ದೆ ಮಾಡುತ್ತಿದ್ದೇನೆ, ಏರೂ ಇಲ್ಲ ಇಳಿಯೂ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ವಂಕಿ ತೆಗೆಸಿದ್ದು. ಬಸುರಿಯಾದಾಗ ನಾನು ಮುನ್ಮಾತು ಹೇಳಿದೆ. ಮುನ್ಮಾತು ಎಂದರೆ, ಬುದ್ಧಿ ಸ್ಥಿಮಿತದಲ್ಲಿದ್ದಾಗ ನಂಬಿಕೆಯವರನ್ನು ಎದುರು ಕೂರಿಸಿಕೊಂಡು, ಮುಂದೆ ಬುದ್ಧಿ ಕೈಕೊಟ್ಟರೆ ನನಗೆ ಹೀಗೆ ಮಾಡಿ, ಹೀಗೆ ಮಾಡಬೇಡಿ ಎಂದು ಬಾಯಿಬಿಟ್ಟು ಹೇಳುವುದು. ತೋಂಟೇಶ, ಪಾರ್ವತೆವ್ವ, ದ್ರಾಕ್ಷಾಯಣವ್ವ ಮೂವರೂ ಕೇಳಿಸಿಕೊಂಡರು. ನಾನು ಊಟ ಬಿಟ್ಟು ಹಾಡುತ್ತಾ ತಿರುಗಿದರೆ, ಚೆನ್ನಾಗಿದ್ದೇನೆ ಎಂದು ನಾನೇ ಆಣೆ ಮಾಡಿದರೂ ನಂಬಬೇಡಿ, ಜುಬೇದಾರನ್ನು ಕರೆಯಿರಿ ಎಂದೆ. ಕೂಸನ್ನು ನನ್ನಿಂದ ದೂರ ಒಯ್ಯಬೇಡಿ, ಪಕ್ಕದಲ್ಲಿ ಯಾರಾದರೂ ಇರಿ ಎಂದೆ. ಇನ್ನೊಂದು ನಿದ್ದೆಸರದಿ. ಬಾಣಂತಿಗೆ ನಿದ್ದೆ ಕೆಟ್ಟರೆ ಏರು ಬರುವುದು ಬೇಗ. ಆದ್ದರಿಂದ ಓಣಿಯ ಹೆಂಗಸರು, ಕೆಲವು ಗಂಡಸರೂ, ಸರದಿ ಹಾಕಿಕೊಂಡು ರಾತ್ರಿ ಕೂಸನ್ನು ನೋಡಿಕೊಳ್ಳುತ್ತಾರೆ, ತಾಯಿ ಮಲಗುತ್ತಾಳೆ. ನಿನ್ನ ಕಾಲದಲ್ಲಿ ಬಾಣಂತನಕ್ಕೆ ತವರಿಗೆ ಹೋಗುತ್ತಿದ್ದಿರಿ. ನಮಗೆ ಓಣಿಯೇ ತವರು.

ಮಗಳು ಹುಟ್ಟಿದಳು. ಉದ್ದ ಬೆರಳು, ಗಟ್ಟಿ ಅಳು. ಸರದಿ ತಪ್ಪದೆ ನಡೆಯಿತು. ಆದರೂ ಕಾಯಿಲೆ ಬಂತು, ಸುವರ್ಣಾ. ಅದನ್ನು ನಿನಗೆ ಮುಚ್ಚಿಡುವುದಿಲ್ಲ. ಒಂದು ಬೆಳಿಗ್ಗೆ ಕೂಸು ನನಗೆ ಸನ್ನೆ ಮಾಡಿ ಏನೋ ಹೇಳುತ್ತಿದೆ, ಅದು ನನ್ನೊಬ್ಬಳಿಗೇ ಅರ್ಥವಾಗುತ್ತಿದೆ ಎನಿಸಿತು. ಸಂತೋಷವೆಂದರೆ ಅಂಥ ಸಂತೋಷ. ರೊಟ್ಟಿಯ ತಾಟು ಸರಿಸಿ ಹಾಡತೊಡಗಿದೆ. ದ್ರಾಕ್ಷಾಯಣವ್ವ ಬಾಗಿಲಲ್ಲೇ ನಿಂತು ಎರಡು ಸಾಲು ಕೇಳಿದಳು.

"ಶಾಕಾಂಬರಿ, ಹಾಡು ಚಂದ ಐತಿ. ಜುಬೇದಾ ಬಾಯಾರನ್ನ ಕರೀತೀನಿ."

"ಬ್ಯಾಡವ್ವಾ, ನಾ ಎಷ್ಟು ಚಲೋ ಅದೀನಿ ನೋಡು!"

"ಹೌದವಾ. ಇದನ್ನ ನಂಬಬ್ಯಾಡ ಅಂತ ನೀನ ಹೇಳೀದಿ," ಎಂದು ಅವಳು ನನ್ನ ಕೈ ಹಿಡಿದುಕೊಂಡು ಕುಳಿತಳು, ಬಿಡಲಿಲ್ಲ.

ಕೂಸಿನ ಸಮೇತ ದವಾಖಾನೆ ಸೇರಿದೆ. ತಾಯಿ ಮಗು ಒಟ್ಟಿಗಿರುವ ವಾರ್ಡು ಅದು. ಗುಳಿಗೆ ಜಾಸ್ತಿ ಮಾಡಬೇಕಾಯಿತು, ನನ್ನ ಹಾಲು ನಿಲ್ಲಿಸಬೇಕಾಯಿತು. ಆಗ ಅತ್ತುಬಿಟ್ಟೆ. ತೋಂಟೇಶ ಬಾಟಲಿ ಹಿಡಿದು ಹಾಲುಣಿಸುವುದನ್ನು ನೋಡಿ ಹೊಟ್ಟೆ ಉರಿದುಕೊಂಡೆ. ಕೆಲವು ದಿನ ಕೂಸಿನ ಮುಖ ನೋಡಿದರೆ ಏನೂ ಅನಿಸುತ್ತಿರಲಿಲ್ಲ; ಅದೇ ಎಲ್ಲಕ್ಕಿಂತ ಹೆದರಿಕೆಯದು. ದಾದಿ ದಿನಾ ಕೂಸನ್ನು ತಂದು ನನ್ನ ಎದೆಯ ಮೇಲೆ ಮಲಗಿಸುತ್ತಿದ್ದಳು, ಏನೂ ಅನಿಸದಿದ್ದರೂ ಪರವಾಗಿಲ್ಲ ಎನ್ನುತ್ತಿದ್ದಳು. ಬರಬರುತ್ತಾ ಅನಿಸತೊಡಗಿತು. ಮಳೆಗಾಲ ಮುಗಿಯುವ ಮೊದಲು ಮನೆಗೆ ಬಂದೆವು.

ಓಣಿಯ ಬಾಯಿಯಲ್ಲಿ ಪಂಚಾಯ್ತಿಯ ಹಳೆಯ ಸದಸ್ಯನೊಬ್ಬ ಸಿಕ್ಕ. "ನೋಡಿದ್ರಿಲ್ಲೋ? ಲೆಕ್ಕ ಹೇಳಿದ್ದ ಖರೆ ಆತು" ಎಂದ. ತೋಂಟೇಶ ತೋಳು ಏರಿಸಿದ. ನಾನು ಅವನನ್ನು ಹಿಂದೆ ಸರಿಸಿ ಹೇಳಿದೆ: "ಹೌದ್ರಿ. ಬ್ಯಾನಿ ಬಂತು, ಹೋತು. ಮಗಳು ಬಂದ್ಲು, ಅದಾಳ." ಅವಳನ್ನು ಎತ್ತಿ ಅವನ ಮುಖದ ಮುಂದೆ ಹಿಡಿದೆ. ಅವಳು ಅವನ ಮೀಸೆಗೆ ಕೈ ಹಾಕಿದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಪರವಾಗಿ ಬಿಸಿಲಲ್ಲಿ ಕುಳಿತವರಿಗೆಲ್ಲ ಹಿತವಾಗಿರುತ್ತಿತ್ತು. ಮಗಳಿಗೆ ಮೂರು ತುಂಬುವಷ್ಟರಲ್ಲಿ ಅವರೇ ಶುರು ಮಾಡಿದರು. "ಒಂದು ಗೆದ್ದಿ, ಇನ್ನೊಂದು ಆಗ್ಲಿ" ಎಂದು ದ್ರಾಕ್ಷಾಯಣವ್ವ. "ಈಗ ನನ್ನ ಭಯ ಹೋಗೇತಿ" ಎಂದು ಪಾರ್ವತೆವ್ವ. ನಾನು ಇನ್ನೊಂದು ಹೆತ್ತರೆ ಲೆಕ್ಕಕ್ಕೆ ಇನ್ನೊಂದು ಸೋಲು ಎಂಬಂತೆ ಮಾತಾಡಿದರು. ನನಗೆ ಬೇಡವಾಗಿತ್ತು. ಕಾಯಿಲೆಗೆ ಹೆದರಿ ಅಲ್ಲ, ಅದನ್ನು ಒಮ್ಮೆ ದಾಟಿದವಳು ಇನ್ನೊಮ್ಮೆ ದಾಟುತ್ತಿದ್ದೆ. ನನಗೆ ಏಣಿಯ ಮೇಲಿನ ಕೆಲಸ ಇಷ್ಟ, ನಿದ್ದೆ ಇಷ್ಟ, ಈ ಒಬ್ಬಳ ಜೊತೆ ಆಡುವುದು ಇಷ್ಟ. ಸಾಕೆನಿಸಿತ್ತು. ಬೇಕು ಎನ್ನಲು ದೊಡ್ಡ ಕಾರಣ ಕೊಡದವಳು ಸಾಕು ಎನ್ನಲು ಯಾಕೆ ಕೊಡಲಿ?

ತೋಂಟೇಶನಿಗೆ ಹೇಳುವುದು ಪಂಚಾಯ್ತಿಗೆ ಹೇಳುವುದಕ್ಕಿಂತ ಕಷ್ಟವಾಯಿತು. ಅವನು ಅಣ್ಣತಮ್ಮಂದಿರು ತುಂಬಿದ ಮನೆಯಲ್ಲಿ ಬೆಳೆದವನು. ನನ್ನ ಮಾತು ಕೇಳಿ ಬುತ್ತಿ ಕಟ್ಟಿಕೊಂಡು ಗುಡ್ಡಕ್ಕೆ ಹೋದವನು ಅಲ್ಲೇ ಉಳಿದ. ಯಂತ್ರದ ಕೆಲಸ ಹೆಚ್ಚಿದೆ ಎಂದು ಹೇಳಿಕಳಿಸಿದ. ನಾನು ಕರೆಯಲು ಹೋಗಲಿಲ್ಲ. ಮಗಳು ಅಪ್ಪ ಎಲ್ಲಿ ಎಂದು ಕೇಳಿದಾಗ ಗುಡ್ಡದ ಕಡೆ ಕೈ ತೋರಿಸಿದೆ. ನನ್ನ ಮಾತನ್ನು ಹಿಂದೆ ತೆಗೆದುಕೊಂಡುಬಿಡಲೇ ಎಂದು ಎಷ್ಟೋ ಸಲ ಅನಿಸಿತು, ತೆಗೆದುಕೊಳ್ಳಲಿಲ್ಲ. ಕೊನೆಗೆ ಒಂದು ಸಂಜೆ ಬಂದ. ಗಡ್ಡ ಬಂದಿತ್ತು. ಮಗಳನ್ನು ಎತ್ತಿಕೊಂಡು ಕಟ್ಟೆಯ ಮೇಲೆ ಕುಳಿತ.

"ನನಗ ಬ್ಯಾಸರ ಐತಿ," ಎಂದ.

"ಗೊತ್ತೈತಿ."

"ಬ್ಯಾಸರ ಹೋಗೂದಿಲ್ಲ ಅನಸ್ತೈತಿ. ಇರ್ಲಿ, ಇಟ್ಕೊಂಡು ಬಾಳೇವು ಮಾಡ್ತೀನಿ. ಆಪರೇಶನ್ ನಾ ಮಾಡಿಸ್ಕೋತೀನಿ. ನಿನ್ನ ಮೈ ಸಾಕಷ್ಟು ಮಾಡೇತಿ."

ಮಾಡಿಸಿಕೊಂಡ. ಬೇಸರ ಇನ್ನೂ ಇದೆ. ಬೇರೆಯವರ ಮನೆಯ ತೊಟ್ಟಿಲಿನ ಮುಂದೆ ಅವನು ನಿಲ್ಲುವ ರೀತಿ ನೋಡಿ ನನಗೆ ತಿಳಿಯುತ್ತದೆ. ನನ್ನ ಮನಸ್ಸು ಬದಲಾಗಿಲ್ಲ. ಎರಡೂ ಒಂದೇ ಮನೆಯಲ್ಲಿ ಇರಬಲ್ಲವು ಎಂದು ನಾವು ಕಲಿತೆವು.

ನಿನಗೊಂದು ಎಚ್ಚರಿಕೆ ಕೊಡಬೇಕು, ಒಂದು ಕೋರಿಕೆಯೂ ಇದೆ. ಕಾಲ ಸರಿದಂತೆ ತಾನಾಗಿ ಎಲ್ಲ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ. ನಮ್ಮ ತನಕ ಬಂದರೂ ಅದು ಸರಿಹೋಗಿರಲಿಲ್ಲ. ಹೊಸ ಬಟ್ಟೆ ಉಟ್ಟುಕೊಂಡು ಬಾಗಿಲಿಗೆ ಬಂದಿತ್ತು. ಬೇಡವೆನ್ನುವವರೂ ಪ್ರೀತಿಯಿಂದಲೇ ಬರುತ್ತಾರೆ, ಬೇಕೆನ್ನುವವರೂ ಪ್ರೀತಿಯಿಂದಲೇ ಬರುತ್ತಾರೆ. ಎರಡೂ ಸಲ ಬಾಗಿಲಲ್ಲಿ ನಿಲ್ಲಬೇಕಾದವಳು ಆ ಹೆಂಗಸೇ. ಕೋರಿಕೆ ಇಷ್ಟು: ನಿನ್ನ ಓಣಿಯಲ್ಲಿ ನಿನ್ನಂಥ ಇನ್ನೊಬ್ಬಳು ಇದ್ದೇ ಇರುತ್ತಾಳೆ, ಗುಳಿಗೆಯನ್ನು ಸೆರಗಿನ ಮರೆಯಲ್ಲಿ ನುಂಗುವವಳು. ಅವಳು ಡಾಕ್ಟರ ಹತ್ತಿರ ಹೋಗುವಾಗ ಅವಳ ಜೊತೆ ಹೋಗು. ನಿನಗೆ ಯಾರೂ ಜೊತೆಗಿರಲಿಲ್ಲ ಎಂಬ ಕಾರಣಕ್ಕೇ ಹೋಗು.

ನಮ್ಮಲ್ಲಿ ಅದಕ್ಕೆ ಜೊತೆಗಾತಿ ಎನ್ನುತ್ತಾರೆ. ಕಾಯಿಲೆಯನ್ನು ತಾನು ಕಂಡವಳು, ಈಗಷ್ಟೇ ಕಾಣುತ್ತಿರುವವಳ ಪಕ್ಕದ ಕುರ್ಚಿಯಲ್ಲಿ ಕೂರುತ್ತಾಳೆ. ಅವಳ ಪರವಾಗಿ ಮಾತಾಡಬಾರದು ಎಂಬುದೊಂದೇ ಕಟ್ಟಳೆ. ಹೋದ ವಾರ ನಾನು ಕಸ್ತೂರಿ ಎಂಬ ಹುಡುಗಿಯ ಜೊತೆಗಾತಿಯಾಗಿ ಹೋಗಿದ್ದೆ. ಇಪ್ಪತ್ತು ದಾಟಿದ್ದಾಳೆ, ಹೊಸದಾಗಿ ಮದುವೆಯಾಗಿದೆ, ನಿನ್ನ ಹಾಗೆಯೇ ಕಿವಿಯಲ್ಲಿ ದನಿ ಕೇಳುತ್ತದೆ. ಜುಬೇದಾ ನಿವೃತ್ತರಾಗಿದ್ದಾರೆ, ಈಗ ಇರುವವನು ಎಳೆಯ ಡಾಕ್ಟರು. ಅವನು ಅಭ್ಯಾಸ ಬಲದಿಂದ ನನ್ನ ಕಡೆ ತಿರುಗಿ, "ಇವ್ರಿಗೆ ಮಕ್ಕಳ ಬಗ್ಗೆ ಏನ್ ವಿಚಾರ ಐತ್ರಿ?" ಎಂದ. ನಾನು ಕಿಟಕಿಯ ಆಚೆ ನೋಡುತ್ತಾ ಕುಳಿತೆ. ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕುರ್ಚಿಯನ್ನು ಕಸ್ತೂರಿಯ ಕಡೆ ತಿರುಗಿಸಿಕೊಂಡು ಅವಳನ್ನೇ ಕೇಳಿದ.

"ನನಗ ಇನ್ನೂ ಗೊತ್ತಿಲ್ರಿ," ಎಂದಳು ಕಸ್ತೂರಿ. "ವಿಚಾರ ಮಾಡ್ಬೇಕು."

"ಆಗ್ಲಿ ಮಾಡ್ರಿ. ಅಲ್ಲೀ ತನಕ ಬಸುರಾಗದಂಗ ಏನೇನು ದಾರಿ ಅದಾವ ಹೇಳ್ತೀನಿ, ನಿಮಗ ಯಾವುದು ಹೊಂದ್ತೈತಿ ನೋಡ್ರಿ" ಎಂದು ಅವನು ಒಂದೊಂದಾಗಿ ಬಿಡಿಸಿ ಹೇಳಿದ. ಅವಳು ಪ್ರಶ್ನೆ ಕೇಳಿದಳು, ಅವನು ಉತ್ತರಿಸಿದ. ಅವಳೊಂದನ್ನು ಆರಿಸಿಕೊಂಡಳು. ನಾವು ಹೊರಗೆ ಬಂದೆವು. ದಾರಿಯ ತಿರುವಿನಲ್ಲಿ ಅವಳು ನಿಂತು ನನ್ನ ಮುಖ ನೋಡಿದಳು. ಏನೋ ದೊಡ್ಡದು ನಡೆಯಲಿದೆ ಎಂದು ಎದೆ ಗಟ್ಟಿ ಮಾಡಿಕೊಂಡು ಬಂದಿದ್ದವಳು.

"ಅಕ್ಕಾ, ಇಷ್ಟೇ ಏನು?" ಎಂದಳು.

"ಹೂಂ. ಇಷ್ಟೇ," ಎಂದೆ.

ಅವಳಿಗೆ ಅಚ್ಚರಿಯೂ ಆಗಲಿಲ್ಲ. ಹಸಿವಾಗಿದೆ ಎಂದು ಬೇಗ ಬೇಗ ಹೆಜ್ಜೆ ಹಾಕಿದಳು. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದೆ, ಸುವರ್ಣಾ, ನಿನ್ನ ಪರವಾಗಿ.

ನಿನ್ನ ಮಗಳ ಮೊಮ್ಮಗಳ ಮಗಳು,
ಶಾಕಾಂಬರಿ ಬಳಿಗಾರ